ಅರವತ್ತೆರಡನೇ ನಿಮಿಷದಲ್ಲಿ ಆದದ್ದು

ಮೀಟರಕ್ಕನಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಅವಳನ್ನು ಬಲ್ಲವರು ಅವಳು ಕೂಗಾಡುವಾಗ ತಲೆ ಕೆಡಿಸಿಕೊಳ್ಳುವುದಿಲ್ಲ. ಮೆಲ್ಲಗೆ ಮಾತಾಡತೊಡಗಿದರೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ.

ನಗರದ ನೀರು ಸರಬರಾಜು ಕಚೇರಿಯಲ್ಲಿ ಅವಳದು ಮೀಟರ್ ಓದುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಬೀದಿ ಅಲೆದು, ಗೇಟು ತಟ್ಟಿ, ನಾಯಿಗಳಿಂದ ತಪ್ಪಿಸಿಕೊಂಡು, ಕುಕ್ಕರಗಾಲಿನಲ್ಲಿ ಕೂತು, ಪಾಚಿ ಹಿಡಿದ ಪೆಟ್ಟಿಗೆಯ ಮುಚ್ಚಳ ಎತ್ತಿ, ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಕಂಡ ಅಂಕಿಯನ್ನು ಬರೆದುಕೊಂಡು ಬರುತ್ತಾಳೆ. "ಅಕ್ಕಾ, ಸ್ವಲ್ಪ ಕಮ್ಮಿ ಬರ್ಕೊಳಿ" ಎನ್ನುವವರು ಬೀದಿಗೊಬ್ಬರು ಇದ್ದೇ ಇರುತ್ತಾರೆ. "ಅದು ಹೇಳಿದ್ದು ಬರೀತೀನಿ. ಜಗಳ ಇದ್ರೆ ಅದರ ಜತೆ ಆಡಿ" ಎಂದು ಮೀಟರಿನತ್ತ ಕೈ ತೋರಿಸಿ ಮುಂದಿನ ಗೇಟಿಗೆ ಹೋಗಿಬಿಡುತ್ತಾಳೆ.

ಹರೆಯದಲ್ಲಿ ಅವಳು ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದಳು. ಮಂಡಿ ಕೈಕೊಟ್ಟ ಮೇಲೆ ಆಟ ನಿಂತಿತು, ಮೈದಾನದ ಹುಚ್ಚು ನಿಲ್ಲಲಿಲ್ಲ. ಏಳು ವರ್ಷದ ಹಿಂದೆ ಒಬ್ಬ ಹಲ್ಲಿನ ಡಾಕ್ಟರು, ದೊಡ್ಡ ಪತ್ರಿಕೆಗಳು ಮೂಸಿಯೂ ನೋಡದ ಸಣ್ಣಪುಟ್ಟ ಪಂದ್ಯಗಳಿಗೆಂದೇ ಒಂದು ವೆಬ್‌ಸೈಟ್ ತೆರೆದು, ಬರೆಯುವವರು ಬೇಕೆಂದು ಮೈದಾನದ ಗೇಟಿಗೆ ಚೀಟಿ ಅಂಟಿಸಿದಾಗ ಅವಳೂ ಹೋಗಿ ಸೇರಿಕೊಂಡಳು. ಯಾರಿಗೂ ಸಂಬಳವಿಲ್ಲ. ಡಾಕ್ಟರು ಸಂಪಾದಕರು, ನಿವೃತ್ತ ಬಸ್ ಕಂಡಕ್ಟರರೊಬ್ಬರು ಅಂಕಪಟ್ಟಿ ಹಾಕುವವರು, ಔಷಧಿ ಅಂಗಡಿಯವನೊಬ್ಬ ಸೈಕಲ್ ರೇಸಿಗೆ, ಹೆಂಗಸರ ಎರಡನೇ ದರ್ಜೆಯ ಫುಟ್‌ಬಾಲ್ ಮೀಟರಕ್ಕನಿಗೆ. ಅವಳು "ನಮ್ಮ ಸೈಟು, ನಮ್ಮ ಸೈಟು" ಎನ್ನುವುದನ್ನು ಕೇಳಿ ಅತ್ತಿಗೆ ಒಮ್ಮೆ ಗುಟ್ಟಾಗಿ, "ಯಾವಾಗ ತಗೊಂಡ್ರಿ? ಎಷ್ಟಕ್ಕೆಷ್ಟು? ಮೂಲೆ ಸೈಟಾ?" ಎಂದು ವಿಚಾರಿಸಿದ್ದಳು.

ಭಾನುವಾರ ಮೈದಾನದ ಪಕ್ಕದ ಸಿಮೆಂಟ್ ಮೆಟ್ಟಿಲಿನ ಮೇಲೆ ಕೂತು, ಕಚೇರಿಯ ಹಳೇ ಮೀಟರ್ ಪುಸ್ತಕದ ಹಿಂಬದಿಯಲ್ಲೇ ಅವಳು ಪಂದ್ಯ ಬರೆದುಕೊಳ್ಳುತ್ತಿದ್ದಳು. ಎಡಗಡೆ ನಿಮಿಷ, ಬಲಗಡೆ ಆದದ್ದು. ಮನೆಗೆ ಬಂದು ಅದನ್ನೇ ಫೋನಿನಲ್ಲಿ ಟೈಪ್ ಮಾಡಿ, ಕಾಗುಣಿತ ನೋಡಲು ಮೊದಲು ಕಂಡಕ್ಟರಿಗೆ ಕಳಿಸುತ್ತಿದ್ದಳು. ಅವರು ತಿದ್ದಿ ಡಾಕ್ಟರಿಗೆ ದಾಟಿಸುತ್ತಿದ್ದರು. ಸೈಟಿಗೆ ಬಂದ ಮೇಲೆ ತನ್ನದನ್ನು ತಾನು ಮತ್ತೆ ಓದುವ ಚಾಳಿ ಅವಳಿಗಿರಲಿಲ್ಲ.

ಆ ಭಾನುವಾರ ನಡೆದದ್ದು ಇಷ್ಟು. ಐವತ್ತೊಂದನೇ ನಿಮಿಷದಲ್ಲಿ ಮೂರನೇ ನಂಬರಿನ ಹುಡುಗಿ ಚೆಂಡಿಗೆ ತಲೆ ಕೊಡಲು ಹಾರಿದಳು. ಎದುರಾಳಿಯ ತಲೆಗೆ ತಲೆ ಢಿಕ್ಕಿಯಾಗಿ ಅಂಗಾತ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿ ಹೊರಗೆ ಕೂರಿಸಿದರು. ಹುಡುಗಿ ತನ್ನ ಬೂಟಿನ ಲಾಡಿಯನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ಬದಲಿ ಆಟಗಾರ್ತಿಯರು ಯಾರೂ ಉಳಿದಿರಲಿಲ್ಲ. ತಂಡ ಒಂದು ಗೋಲು ಮುಂದಿತ್ತು. ಕೋಚ್ ಬಂದು ಅವಳ ಕೆನ್ನೆ ತಟ್ಟಿ, "ಏನಾಗಿಲ್ಲ, ಏಳು" ಎಂದು ಐವತ್ತನಾಲ್ಕನೇ ನಿಮಿಷದಲ್ಲಿ ಒಳಗೆ ಕಳಿಸಿದ. ಅರವತ್ತೆರಡನೇ ನಿಮಿಷದಲ್ಲಿ, ಯಾರೂ ಮುಟ್ಟದೆ, ಚೆಂಡು ಎಲ್ಲೋ ದೂರ ಇರುವಾಗ, ಅವಳು ನಿಂತ ಜಾಗದಲ್ಲೇ ಕುಸಿದಳು. ಮೀಟರಕ್ಕ ಅಷ್ಟನ್ನೂ ಬರೆದು ಕಳಿಸಿದಳು. ಬಣ್ಣ ಹಚ್ಚಲಿಲ್ಲ, ಯಾರನ್ನೂ ಬೈಯಲಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಹೆಂಗಸು ಕಚೇರಿಗೆ ಅವಳನ್ನು ಹುಡುಕಿಕೊಂಡು ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಹೊಲಿಗೆ ಅಂಗಡಿಯಿಂದ ಸೀದಾ ಎದ್ದು ಬಂದಿದ್ದಳು. ಕೈಯಲ್ಲಿ ಮಡಚಿದ ಕಾಗದ.

"ಮೀಟರಕ್ಕ ಅಂದ್ರೆ ನೀವೇನಾ?"

"ಹೌದು. ಬಿಲ್ ವಿಷಯಾನಾ?"

"ಮೂರನೇ ನಂಬರಿನ ತಾಯಿ ನಾನು. ಇದನ್ನ ಬರೆದಿದ್ದು ನೀವೇನಾ?"

ಸೈಟಿನ ಪುಟವನ್ನು ಯಾರೋ ಮುದ್ರಿಸಿ ಕೊಟ್ಟಿದ್ದರು. ಮೇಲೆ ಮೀಟರಕ್ಕನ ಹೆಸರು. ಕೆಳಗೆ: "ಮೊದಲೇ ಬಳಲಿದ್ದ ಆಟಗಾರ್ತಿ ಸ್ವಇಚ್ಛೆಯಿಂದ ಮೈದಾನಕ್ಕೆ ಮರಳಿದರು. ಬಳಿಕ ಅಸ್ವಸ್ಥರಾದಾಗ ತರಬೇತುದಾರರ ಸಮಯಪ್ರಜ್ಞೆಯಿಂದ ಕೂಡಲೇ ಚಿಕಿತ್ಸೆ ದೊರೆಯಿತು."

ಸಮಯಪ್ರಜ್ಞೆ ಎಂಬ ಪದವನ್ನು ಮೀಟರಕ್ಕ ಹುಟ್ಟಿದಾಗಿನಿಂದ ಒಮ್ಮೆಯೂ ಬಳಸಿದವಳಲ್ಲ. ಅವಳು ಎರಡು ಸಲ ಓದಿದಳು.

"ಕೋಚ್ ಮೇಲೆ ಫುಟ್‌ಬಾಲ್ ಸಂಘಕ್ಕೆ ದೂರು ಕೊಟ್ಟೆ" ಎಂದಳು ತಾಯಿ. "ನೋಡಿದವರೇ ಹೀಗೆ ಬರೆದಿದ್ದಾರೆ, ಇನ್ನೇನು ಬೇಕು ಅಂತ ಈ ಕಾಗದ ಕೈಗಿಟ್ರು. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಕಿಟಕಿ ಪರದೆ ಸರಿಸಿದ್ರೆ ಕಿರುಚ್ತಾಳೆ. ಗೆದ್ವಾ ಅಮ್ಮಾ, ಗೆದ್ವಾ ಅಮ್ಮಾ ಅಂತ ಹತ್ತು ನಿಮಿಷಕ್ಕೊಂದ್ಸಲ ಕೇಳ್ತಾಳೆ. ಹೂಂ ಅಂತೀನಿ, ಮತ್ತೆ ಕೇಳ್ತಾಳೆ. ನಿಮಗೇನು ಕೊಟ್ರು ಅವರು, ಹೀಗೆ ಬರೆಯೋಕೆ?"

"ನಾನು ಹೀಗೆ ಬರೆದಿಲ್ಲ."

"ಹೆಸರು ನಿಮ್ಮದೇ ಅಲ್ವಾ?"

ಮೀಟರಕ್ಕ ಚೀಲದಿಂದ ತನ್ನ ಪುಸ್ತಕ ತೆಗೆದು ಆ ಪುಟ ತೆರೆದು ಕೊಟ್ಟಳು. ತಾಯಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಐವತ್ತನಾಲ್ಕರ ಮುಂದೆ, "ಮತ್ತೆ ಒಳಗೆ. ತೂರಾಡುತ್ತಿದ್ದಾಳೆ" ಎಂದಿತ್ತು. ಅವಳ ಬೆರಳು ಅಲ್ಲೇ ನಿಂತಿತು.

"ತೂರಾಡ್ತಿದ್ದಿದ್ದು ನಿಮಗೆ ಕಾಣಿಸ್ತು."

"ಕಾಣಿಸ್ತು."

"ಎಂಟು ನಿಮಿಷ ಇತ್ತಲ್ಲ. ಯಾಕೆ ಕೂಗ್ಲಿಲ್ಲ?"

ತಾಯಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಅಂದು ಸಂಜೆ ಮೀಟರಕ್ಕ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ರೋಗಿಗಳ ಜತೆ ಟೋಕನ್ ತೆಗೆದುಕೊಂಡು ಕೂತಳು. ಹನ್ನೊಂದನೇ ನಂಬರ್. ಕೆನ್ನೆ ಊದಿದವರು, ದವಡೆ ಹಿಡಿದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ತನ್ನ ಸರದಿ ಬಂದಾಗ ಅವಳು ನೇರ ಹೋಗಿ ಆ ಉದ್ದನೆಯ ಕುರ್ಚಿಯಲ್ಲಿ ಒರಗಿದಳು. ಡಾಕ್ಟರು ಕೈಗವಸು ಎಳೆದುಕೊಳ್ಳುತ್ತಾ, ಯಾರೆಂದು ನೋಡದೆ, ದೀಪ ಕೆಳಗೆಳೆದು, "ಬಾಯಿ ತೆಗೀರಿ" ಎಂದರು.

"ತೆಗೆಯೋಕೇ ಬಂದಿದ್ದೀನಿ ಡಾಕ್ಟ್ರೇ."

ಅವರು ಮುಖದ ಮಾಸ್ಕ್ ಗಲ್ಲಕ್ಕಿಳಿಸಿದರು. "ಅಕ್ಕ. ಫೋನ್ ಮಾಡಿದ್ರೆ ಆಗ್ತಿತ್ತಲ್ಲ."

"ನನ್ನ ವರದಿ ತಿದ್ದುವಾಗ ನೀವು ಮಾಡಿದ್ರಾ ಫೋನು?"

ಡಾಕ್ಟರು ಬಾಗಿಲು ಮುಚ್ಚಿ ಬಂದರು. "ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ರು. ಕೋಚ್ ಒಳಗೆ ಕಳಿಸಿದ ಅನ್ನೋ ಆ ಸಾಲು ಇದ್ರೆ ನಾಳೆಯಿಂದ ನಿಮ್ಮೋರು ಯಾರೂ ಗೇಟಿನೊಳಗೆ ಕಾಲಿಡಲ್ಲ ಅಂದ್ರು. ಒಂದು ಮೈದಾನ ಅಲ್ಲ, ಐದೂ ಮೈದಾನ. ಏಳು ವರ್ಷ ಕಟ್ಟಿದ್ದೀವಿ ಅಕ್ಕ, ಒಂದು ಸಾಲಿಗೋಸ್ಕರ ಎಲ್ಲಾ ಹೋಗ್ಬೇಕಾ? ಬೇರೆ ಮಕ್ಕಳ ಪಂದ್ಯ ಯಾರು ಬರೀತಾರೆ?"

"ಸರಿ. ಅಷ್ಟು ದೊಡ್ಡ ಲೆಕ್ಕಾಚಾರ ಹಾಕಿದೋರು ಕೆಳಗೆ ನಿಮ್ಮ ಹೆಸರು ಹಾಕ್ಕೋಬೇಕಿತ್ತು."

"ನಿಮ್ಮ ಹೆಸರು ತೆಗೆದುಬಿಡ್ತೀನಿ. ಈಗಲೇ."

"ಹೆಸರು ಇರಲಿ. ನನ್ನ ಮಾತು ವಾಪಸ್ ಹಾಕಿ." ಅವಳ ದನಿ ಈಗ ಪಕ್ಕದ ನೀರಿನ ಬೋಗುಣಿಗೆ ಬೀಳುವ ಹನಿಗಿಂತ ಕೆಳಗಿತ್ತು. "ಆ ತಾಯಿ ನನ್ನ ಮುಂದೆ ಬಂದು ನಿಂತಿದ್ಲು. ನಿಮ್ಮ ಮುಂದೆ ಅಲ್ಲ. ಕಾರ್ಯದರ್ಶಿ ಮುಂದೆ ಅಲ್ಲ. ಏನು ಕೊಟ್ರು ಅಂತ ನನ್ನನ್ನ ಕೇಳಿದ್ಲು."

ಡಾಕ್ಟರು ಕೈಗವಸು ಕಳಚಿ, ಮತ್ತೆ ಹಾಕಿಕೊಂಡು, ಮತ್ತೆ ಕಳಚಿದರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ" ಎಂದರು.

ಅವಳು ಎದ್ದು ಬಂದಳು. ಹೊರಗೆ ಹನ್ನೆರಡನೇ ಟೋಕನ್ನಿನ ಮುದುಕರು, "ತುಂಬಾ ನೋವು ಮಾಡ್ತಾರೇನಮ್ಮ?" ಎಂದು ಕೇಳಿದರು. "ಮಾಡಿದ್ದು ಗೊತ್ತಾಗದ ಹಾಗೆ ಮಾಡ್ತಾರೆ" ಎಂದಳು.

ಮನೆಯಲ್ಲಿ ಗಂಡ ಬೇಕರಿಯಿಂದ ಬಂದು ಕಾಲು ತೊಳೆಯುತ್ತಿದ್ದ. ವಿಷಯ ಕೇಳಿ, ಪಾಪದವನು, "ಹೋಗ್ಲಿ ಬಿಡು, ಸಂಬಳ ಇಲ್ಲ ಗಿಂಬಳ ಇಲ್ಲ, ನಿನಗ್ಯಾಕೆ ಈ ಉಸಾಬರಿ" ಎಂದ. ಅಷ್ಟೇ ಸಾಕಾಯಿತು. ಡಾಕ್ಟರ ಮೇಲಿನದು, ಕಾರ್ಯದರ್ಶಿಯ ಮೇಲಿನದು, ಕೋಚಿನ ಮೇಲಿನದು, ಇಪ್ಪತ್ತೆರಡು ವರ್ಷದ ನಾಯಿಗಳ ಮೇಲಿನದು, ಎಲ್ಲವನ್ನೂ ಅವಳು ಅವನ ತಲೆಗೆ ಸುರಿದಳು. ಅವನು ಟವೆಲ್ ಹಿಡಿದುಕೊಂಡು ಪೂರಾ ಕೇಳಿಸಿಕೊಂಡ.

"ಇಷ್ಟೂ ನನಗಲ್ಲ ಅಂತ ಗೊತ್ತು. ಯಾರಿಗೆ ಅಂತ ಹೇಳೇ" ಎಂದ ಕೊನೆಗೆ.

ಅವಳು ಗೋಡೆಯ ಕಡೆ ತಿರುಗಿ ಕೂತಳು. ಗೋಲ್‌ಕೀಪರ್ ಆಗಿದ್ದಾಗ ಇಂಥ ಏಟು ತಿಂದವರನ್ನು ಅವಳು ನೋಡಿದ್ದಳು. ಲಾಡಿ ಬಿಚ್ಚಿ ಕಟ್ಟುವ ಆ ಕೈಗಳನ್ನು ಕಂಡಾಗಲೇ ಎಲ್ಲ ಗೊತ್ತಾಗಿತ್ತು. ಮೆಟ್ಟಿಲಿನಿಂದ ಮೈದಾನದ ಗೆರೆಗೆ ಇಪ್ಪತ್ತು ಹೆಜ್ಜೆ. ಅವಳು ಗಡಿಯಾರ ನೋಡಿದಳು, ಐವತ್ತನಾಲ್ಕು ಎಂದು ಬರೆದಳು, ಮುಂದಿನ ಸಾಲಿಗೆ ಗೆರೆ ಎಳೆದುಕೊಂಡು ಕಾದಳು. ಮೀಟರ್ ಕೆಟ್ಟಿದ್ದರೆ ರಿಪೇರಿಯವರಿಗೆ ಹೇಳಬೇಕು, ತಾನು ಕೈ ಹಾಕಬಾರದು. ಕಚೇರಿಯ ಆ ನಿಯಮವನ್ನು ಅವಳು ಮನುಷ್ಯರಿಗೂ ಹಚ್ಚಿಬಿಟ್ಟಿದ್ದಳು.

ಮರುದಿನ ಬೆಳಗ್ಗೆ ಕಂಡಕ್ಟರಿಗೆ ಫೋನ್ ಮಾಡಿದಳು. "ಅಣ್ಣಾ, ನಾನು ಕಳಿಸಿದ್ದು ನಿಮ್ಮ ಹತ್ರ ಇದೆಯಾ?"

"ಇದೆಯಮ್ಮ. ಸೈಟಿನ ಬೀಗದ ಕೈಯೂ ಇದೆ, ಅಂಕಪಟ್ಟಿ ಹಾಕೋಕೆ ಅಂತ ಡಾಕ್ಟ್ರೇ ಕೊಟ್ಟಿದ್ದು. ಎರಡು ದಿನದಿಂದ ನಾನೂ ಕುದೀತಾ ಕೂತಿದ್ದೀನಿ. ಹಾಕ್ಲಾ?"

"ಹಾಕಿ. ಕೊನೆಗೊಂದು ಸಾಲು ಸೇರಿಸಿ. ಬರ್ಕೊಳಿ: ಹುಡುಗಿ ತೂರಾಡುವುದನ್ನು ಈ ವರದಿ ಬರೆದವಳು ನೋಡಿದಳು, ಬರೆದುಕೊಂಡಳು, ಕೂಗಲಿಲ್ಲ."

"ಅದು ಬೇಕಾ ತಾಯಿ?"

"ಬೇಕು."

ಒಂಬತ್ತು ಗಂಟೆಗೆ ಕಂಡಕ್ಟರು ಹಾಕಿದರು. ಒಂಬತ್ತೂವರೆಗೆ ಡಾಕ್ಟರು ತೆಗೆದರು. ಹತ್ತಕ್ಕೆ ಕಂಡಕ್ಟರು ಮತ್ತೆ ಹಾಕಿದರು. ಡಾಕ್ಟರು ಒಂದು ಹಲ್ಲು ಕೀಳುವಷ್ಟರಲ್ಲಿ ಅದು ಮೇಲೆ ಬಂದಿರುತ್ತಿತ್ತು. ಮಧ್ಯಾಹ್ನದೊಳಗೆ ಮೂರು ಸಲ ಹೀಗಾಯಿತು. "ಹತ್ತೋದು ಇಳಿಯೋದು ನನಗೇನು ಹೊಸದಾ?" ಎಂದರು ಕಂಡಕ್ಟರು. ಡಾಕ್ಟರು ಪಾಸ್‌ವರ್ಡ್ ಬದಲಿಸುವ ಹೊತ್ತಿಗೆ ಆಟಗಾರ್ತಿಯರ ಅಪ್ಪಅಮ್ಮಂದಿರ ಫೋನುಗಳಲ್ಲಿ ವರದಿ ಕೈಯಿಂದ ಕೈಗೆ ದಾಟಿ ಊರು ಸುತ್ತಿ ಬಂದಿತ್ತು.

ಸಂಘ ವಿಚಾರಣೆ ಕರೆಯಲೇಬೇಕಾಯಿತು. ಸೋರಿದ ಕಲೆಗಳಿದ್ದ ಗೋಡೆಯ ಕೋಣೆ, ಗಾಜಿನ ಬೀರುವಿನಲ್ಲಿ ಧೂಳು ಹಿಡಿದ ಕಪ್ಪುಗಳು, ಉದ್ದನೆಯ ಮೇಜು. ಕೋಚ್ ತಲೆ ತಗ್ಗಿಸಿ ಕೂತಿದ್ದ. "ಆಡ್ತೀನಿ ಅಂತ ಅವಳೇ ಅಂದ್ಳು" ಎಂದ. ತಾಯಿ ಎದ್ದು, "ಅವಳಿಗೆ ಆಗ ತನ್ನ ಹೆಸರು ಗೊತ್ತಿತ್ತಾ? ಕೇಳಿದ್ಯಾ?" ಎಂದಳು.

ಕಾರ್ಯದರ್ಶಿ ಮೀಟರಕ್ಕನ ಕಡೆ ತಿರುಗಿದರು. "ನೀವು ಡಾಕ್ಟರಾ?"

"ಅಲ್ಲ."

"ಪತ್ರಕರ್ತೆಯಾ?"

"ಅಲ್ಲ. ನೀರಿನ ಮೀಟರ್ ಓದೋಳು. ಗಡಿಯಾರ ನೋಡೋಕೆ ಬರುತ್ತೆ."

"ಈ ಪುಸ್ತಕ ಅಧಿಕೃತ ದಾಖಲೆ ಅಲ್ಲ. ಯಾವಾಗ ಬೇಕಾದ್ರೂ ಬರೀಬಹುದು."

ಅವಳು ಪುಸ್ತಕ ತಿರುಗಿಸಿ ಮೇಜಿನ ಮೇಲೆ ತಳ್ಳಿದಳು. "ನನ್ನನ್ನೇ ಕೆಟ್ಟವಳು ಮಾಡೋ ಸಾಲನ್ನ ಆಮೇಲೆ ಕೂತು ಯಾಕೆ ಬರೀಲಿ? ಐವತ್ತನಾಲ್ಕು ಓದಿ. ನೋಡ್ತಾ ಕೂತಿದ್ದೆ ಅಂತ ಅದರಲ್ಲೇ ಇದೆ. ನಾನು ಮಾಡಿದ್ದು ತಪ್ಪು. ಅದನ್ನ ಒಪ್ಕೊಳ್ಳೋಕೆ ನನಗೆ ಕಷ್ಟ ಆಗ್ಲಿಲ್ಲ. ನಿಮಗೆಲ್ಲ ಯಾಕೆ ಆಗ್ತಿದೆ?"

ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡರು. ಕೋಣೆಯ ಹಿಂದೆ ನಿಂತಿದ್ದ ಅಪ್ಪಅಮ್ಮಂದಿರು ಪುಸ್ತಕ ನೋಡಲು ಮುಂದಕ್ಕೆ ಬಾಗಿದರು.

ಕೊನೆಗೆ ಆದದ್ದು ಅರ್ಧಂಬರ್ಧ ನ್ಯಾಯ. ಕೋಚನ್ನು ಒಂದು ವರ್ಷ ಹೊರಗಿಟ್ಟರು. ತಲೆಗೆ ಏಟು ಬಿದ್ದವರು ಅವತ್ತು ಮತ್ತೆ ಒಳಗೆ ಬರುವಂತಿಲ್ಲ ಎಂದು ಐದೂ ಮೈದಾನದಲ್ಲಿ ಹಲಗೆ ಹಾಕಿದರು. ಕಾರ್ಯದರ್ಶಿ ಕುರ್ಚಿ ಬಿಡಲಿಲ್ಲ. ಹುಡುಗಿ ಹತ್ತೊಂಬತ್ತು ದಿನದ ಮೇಲೆ ಮನೆಗೆ ಬಂದಳು. ಆಟ ಮುಗಿಯಿತು ಎಂದರು ಆಸ್ಪತ್ರೆಯ ಡಾಕ್ಟರುಗಳು. ಈಗ ಅಮ್ಮನ ಅಂಗಡಿಯ ಒಳಕೋಣೆಯಲ್ಲಿ ಕೂತು ಗುಂಡಿ ಹೊಲಿಯುತ್ತಾಳೆ, ಮಿಷನ್ನಿನ ಸದ್ದು ತಡೆಯಲಾರಳು. ತಾಯಿ ಮೀಟರಕ್ಕನನ್ನು ಕ್ಷಮಿಸಿದ್ದಾಳೋ ಇಲ್ಲವೋ ಹೇಳಿಲ್ಲ, ಇವಳೂ ಕೇಳಿಲ್ಲ.

ಸೈಟಿನ ಬರಹಗಾರರ ಪಟ್ಟಿಯಿಂದ ಮೀಟರಕ್ಕನ ಹೆಸರು ಹೋಯಿತು, ಕಂಡಕ್ಟರು ತಾವಾಗೇ ಬಿಟ್ಟರು. ಹೆಂಗಸರ ಫುಟ್‌ಬಾಲ್ ಬರೆಯಲು ಯಾರೂ ಸಿಗದೆ ಈಗ ಬರೀ ಗೋಲುಗಳ ಅಂಕಿ ಬರುತ್ತದೆ. ಡಾಕ್ಟರ ಕ್ಲಿನಿಕ್ಕು ಅವಳ ಬೀದಿಗಳಲ್ಲೇ ಇದೆ. ಮೊನ್ನೆ ಅವಳು ಅಲ್ಲಿ ಮೀಟರಿನ ಮುಚ್ಚಳ ಎತ್ತಿ ಕೂತಿದ್ದಾಗ ಅವರು ಹೊರಗೆ ಬಂದರು.

"ಅಕ್ಕ, ಆ ಪುಟ ಅಳಿಸಿದ್ದೀನಿ. ನಿಮ್ಮ ವರದಿನೇ ಹಾಕಿದ್ದೀನಿ. ಕೋಪ ಇನ್ನೂ ಇದೆಯಾ?"

"ಇದೆ. ಗಾಜು ಒಡೆದಿದೆ ಡಾಕ್ಟ್ರೇ, ಬದಲಾಯಿಸೋಕೆ ಅರ್ಜಿ ಕೊಡಿ" ಎಂದು ಎದ್ದು ಹೋದಳು.

ಅವಳು ಈಗಲೂ ಭಾನುವಾರ ಮೈದಾನಕ್ಕೆ ಹೋಗುತ್ತಾಳೆ. ಸಂಘದವರು ಗೇಟಿನೊಳಗೆ ಬಿಡುವುದಿಲ್ಲ, ಹೊರಗೆ ತಂತಿಬೇಲಿ ಹಿಡಿದು ನಿಲ್ಲುತ್ತಾಳೆ. ಯಾರಾದರೂ ಬಿದ್ದು ಏಳುವುದು ತಡವಾದರೆ ರೆಫರಿಯ ಸಿಳ್ಳೆಗಿಂತ ಮೊದಲು ಅವಳ ಗಂಟಲು ಕೇಳಿಸುತ್ತದೆ. ರೆಫರಿ ಎರಡು ಸಲ ದೂರು ಕೊಟ್ಟಿದ್ದಾನೆ. ಹೋದ ವಾರ ಅವಳ ಪಕ್ಕದಲ್ಲಿ ಇನ್ನೂ ನಾಲ್ಕು ಜನ ತಾಯಂದಿರು ಬಂದು ನಿಂತಿದ್ದರು.