ರೋಸಿನ ಹಾಡಿಗೆ ಕೂಡಿಟ್ಟ ಉಸಿರು

ಗರ್ಭಕೋಶ ತೆಗೆಯಲೇಬೇಕು ಎಂದು ಫಳ್ನೀರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ತಿಂಗಳು ಮಗಳ ರೋಸಿಗೆ ಹಾಡ್ಲಿಕ್ಕೆ ಆಗ್ತದಾ?" ಡಾಕ್ಟರು ನನ್ನ ಗಂಡನ ಮುಖ ನೋಡಿದರು. ಗಂಡ ಫ್ಯಾನು ನೋಡಿದರು.

ರೋಸ್ ಎಂದರೆ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳ ತಲೆಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಆಗ ಹೆಂಗಸರು ವೊವಿಯೊ ಎಂಬ ಶೋಭಾನೆ ಹಾಡುತ್ತಾರೆ. ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು. ಮುಂದಿನ ಸಾಲು ಯಾವುದೆಂದು ಎತ್ತಿಕೊಡುವವಳಿಗೆ ಮಾತ್ರ ಗೊತ್ತು. ನನ್ನ ರೋಸಿಗೆ ಎತ್ತಿಕೊಟ್ಟವಳು ನನ್ನ ತಾಯಿ. ಈಗ ಬಜಪೆಯಲ್ಲಿ ನಮ್ಮವರ ಯಾರ ಮನೆಯಲ್ಲಿ ರೋಸಾದರೂ ಕರೆ ಬರುವುದು ನನಗೆ. ಊರಿನವರ ಮಕ್ಕಳಿಗೆಲ್ಲ ಹಾಡಿ, ಸ್ವಂತ ಮಗಳಿಗೆ ಬಾಯಿ ಮುಚ್ಚಿ ಕೂರುವ ಹೆಂಗಸು ನಾನಲ್ಲ.

"ಸ್ಪೀಕರಿನಲ್ಲಿ ಹಾಕುವ ಮಾರಾಯ್ತಿ, ಈಗ ಎಲ್ಲ ಮೊಬೈಲಿನಲ್ಲಿ ಉಂಟಲ್ಲ," ಎಂದರು ಗಂಡ. ನಾನು ಅವರ ಕೈಯ ಮೊಬೈಲನ್ನು ಕಸಿದು ನನ್ನ ಬ್ಯಾಗಿಗೆ ಹಾಕಿದೆ.

ಆಪರೇಷನ್ ಸರಿಯಾಗಿಯೇ ಆಯಿತು. ಮರುದಿನ ಫಿಸಿಯೋಥೆರಪಿಸ್ಟ್ ಬಂದು, ನೋವು ಬಂದಾಗ ಏನು ಮಾಡುತ್ತೀರಿ ಎಂದು ವಿಚಾರಿಸಿದರು.

"ಹಲ್ಲು ಕಚ್ಚಿ ಸಹಿಸ್ತೇನೆ," ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

"ಅದೇ ಆಗ್ಲಿಕ್ಕಿಲ್ಲ ಮೇಡಂ. ಉಸಿರು ಹಿಡಿದ್ರೆ ಹೊಟ್ಟೆ ಬಿಗಿ ಆಗ್ತದೆ, ನೋವು ಮತ್ತೂ ಜಾಸ್ತಿ ಆಗ್ತದೆ."

ಹೊಲಿಗೆಗಿಂತ ಮೇಲೆ, ಹೊಟ್ಟೆಯ ಮೇಲೆ ನನ್ನ ಕೈಯನ್ನೇ ಇಡಿಸಿದರು. ಮೂಗಿನಿಂದ ನಿಧಾನವಾಗಿ ಎಳೆದುಕೊಂಡಾಗ ಆ ಕೈ ಮೇಲೇಳಬೇಕು. ಆಮೇಲೆ ಬಿಸಿ ಚಹಾ ಆರಿಸುವ ಹಾಗೆ ತುಟಿ ಕಿರಿದು ಮಾಡಿ ಉದ್ದಕ್ಕೆ ಬಿಡಬೇಕು, ಬಿಡುವಾಗ ಭುಜ ಮತ್ತು ದವಡೆ ಸಡಿಲವಾಗಬೇಕು. ಮನಸ್ಸಿನಲ್ಲೇ ಎಣಿಸುತ್ತಾ ಹೋಗಬೇಕು. "ಮಾತ್ರೆ ಬಿಡ್ಲಿಕ್ಕೆ ಹೇಳುವುದಲ್ಲ. ಅದರೊಟ್ಟಿಗೆ ಇದು," ಎಂದೂ ಹೇಳಿದರು.

ನನಗೆ ಬರಲೇ ಇಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮಲಗಿಕೊಂಡು ಒಂದು, ಎರಡು, ಮೂರು ಎಂದು ಎಣಿಸುವುದು ಯಾರಿಗೆ ಬೇಕು? ನೋವು ಬಂದೊಡನೆ ಲೆಕ್ಕ ತಪ್ಪುತ್ತಿತ್ತು. ಲೆಕ್ಕ ತಪ್ಪಿದರೆ ಸಿಟ್ಟು, ಸಿಟ್ಟು ಬಂದರೆ ಮತ್ತೆ ಹಲ್ಲು ಕಚ್ಚುವುದು. ರೋಸಿನ ಆಸೆ ಬಿಟ್ಟೇ ಬಿಡಬೇಕೇನೋ ಎನಿಸಿ ಗೋಡೆಯ ಕಡೆ ಹೊರಳಿ ಅತ್ತೆ.

ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ ದಿನ ನೋವು ತಡೆಯಲಾರದೆ ಬಾಯಿಂದ ಒಂದು ವೊವಿಯೊ ಸಾಲು ತಾನಾಗಿ ಬಂತು. ಸಾಲು ಮುಗಿಯುವಷ್ಟರಲ್ಲಿ ಹೊಟ್ಟೆಯ ಮೇಲಿನ ಕೈ ಕೆಳಗಿಳಿದಿತ್ತು. ಬೇರೆಯವರು ತಿರುಗಿ ಹಾಡಲಿ ಎಂದು ಅಭ್ಯಾಸಬಲದಿಂದ ಸುಮ್ಮನಾದೆ. ಆ ಬಿಡುವಿನಲ್ಲಿ ಉಸಿರು ನೇರ ಹೊಟ್ಟೆಗೇ ಇಳಿಯಿತು! ಇಷ್ಟು ವರ್ಷ ನಾನು ರೋಸಿನ ಚಪ್ಪರದಡಿಯಲ್ಲಿ ಮಾಡಿದ್ದು ಇದನ್ನೇ ಅಲ್ಲವೇ?

ಪಕ್ಕದಲ್ಲಿ ಪೇಪರು ಓದುತ್ತಿದ್ದ ಗಂಡನಿಗೆ, "ನೀವು ತಿರುಗಿ ಹಾಡಿ," ಎಂದೆ.

"ನಾನಾ? ಹೆಂಗಸರ ಹಾಡು ಮಾರಾಯ್ತಿ ಅದು!"

"ನಿಮ್ಮ ಸ್ವರ ಯಾರಿಗೆ ಬೇಕು? ನನಗೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಬೇಕು."

ಅವರು ಹಾಡಿದರು. ಒಡಕು ಸ್ವರ, ತಾಳಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ. ನಕ್ಕು ನಕ್ಕು ಹೊಲಿಗೆ ಉರಿದು ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕಾಯಿತು. ನೋವು ಹೋಯಿತೆಂದರೆ ಸುಳ್ಳಾಗುತ್ತದೆ. ಅದು ಅಲ್ಲೇ ಇತ್ತು, ಆದರೆ ಮನೆಯ ಯಜಮಾನಿಕೆ ಅದರ ಕೈಯಿಂದ ನನ್ನ ಕೈಗೆ ಬಂದಿತ್ತು. ಫಿಸಿಯೋಥೆರಪಿಸ್ಟ್ ಇದನ್ನು ಕೇಳಿಸಿಕೊಂಡು, "ಎಣಿಸುವುದು ಬೇಡ, ಇದನ್ನೇ ಮಾಡಿ," ಎಂದರು.

ಹಾಗೆ ಮಲಗಿದ್ದಾಗಲೇ ಮಗಳಿಗಾಗಿ ಒಂದು ಹೊಸ ಸಾಲು ಕಟ್ಟಿದೆ. ನಿನ್ನನ್ನು ಹೊತ್ತ ಗರ್ಭ ಈಗಿಲ್ಲ ಮಗಳೇ, ಹೊತ್ತವಳು ಇದ್ದಾಳೆ ಎಂದು ಅದರ ಅರ್ಥ. ಮೊದಲ ಸಲ ಹಾಡಿದಾಗ ಗಂಡ ತಿರುಗಿ ಹಾಡಲಿಲ್ಲ, ಕಿಟಕಿಯ ಹತ್ತಿರ ಹೋಗಿ ನಿಂತರು. ಎರಡನೆಯ ಸಲ ಹಾಡಿದರು. ಮನೆಗೆ ಹೊರಟಾಗ ಪಂಪ್‌ವೆಲ್‌ನಲ್ಲಿ ಕಾರು ರಸ್ತೆಯ ಹೊಂಡಕ್ಕೆ ಇಳಿದಾಗಲೆಲ್ಲ ಅದೇ ಸಾಲು. ಟ್ರಾಫಿಕ್ ಬ್ಲಾಕಿನಲ್ಲಿ ಪಕ್ಕಕ್ಕೆ ನಿಂತ ಬೈಕಿನವನೊಬ್ಬ ಬಗ್ಗಿ ಒಳಗೆ ನೋಡಿದ.

ರೋಸಿನ ಸಂಜೆ ಅಂಗಳದ ಚಪ್ಪರದಲ್ಲಿ ಮಗಳು ತಗ್ಗಿನ ಮಣೆಯ ಮೇಲೆ ಕುಳಿತಳು. ನಾನು ಹೊಟ್ಟೆಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕುಳಿತೆ. ಮೂಲೆಯಲ್ಲಿ ಟವೆಲು ಮುಚ್ಚಿದ ಸ್ಪೀಕರೊಂದು ಇತ್ತು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಶಿಲುಬೆಯ ಗುರುತು ಹಾಕಿ ಮೊದಲ ಸಾಲು ಎತ್ತಿದೆ. ಹೆಂಗಸರು ತಿರುಗಿ ಹಾಡಿದರು. ಒಬ್ಬೊಬ್ಬರಾಗಿ ಬಂದು ಮಗಳ ತಲೆಗೆ ತೆಂಗಿನಹಾಲು ಹಚ್ಚಿದರು.

ನಾನು ಕಟ್ಟಿದ ಸಾಲಿಗೆ ಬರುವಾಗ ಹೊಲಿಗೆಯ ಜಾಗದಲ್ಲಿ ನೋವು ಕಿತ್ತುಕೊಂಡು ಬಂತು. ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನ. ವಿಮಾನ ಇಳಿಯುವಾಗ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸುವುದು ವಿಮಾನ ನಿಲ್ದಾಣದ ಪಕ್ಕದ ನಮ್ಮ ಊರಿನ ಅಭ್ಯಾಸ. ನಿಲ್ಲಿಸಿದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಗಂಡ ಆಗಲೇ ಸ್ಪೀಕರಿನ ಹತ್ತಿರ ಹೋಗಿದ್ದರು. ನಾನು ಭುಜ ಸಡಿಲಿಸಿ, ಕೈಯನ್ನು ಹೊಟ್ಟೆಯ ಮೇಲಿಟ್ಟು, ಸಾಲನ್ನು ಕೊನೆಯ ತನಕ ಎಳೆದೆ. ಗದ್ದಲ ನಿಂತಾಗಲೂ ನನ್ನ ಸ್ವರ ಇತ್ತು.

ಆದರೆ ಯಾರೂ ತಿರುಗಿ ಹಾಡಲಿಲ್ಲ. ಯಾರಿಗೂ ಸಾಲು ಕೇಳಿಸಿರಲಿಲ್ಲ. ನನ್ನ ಉಸಿರು ಖಾಲಿ, ಇನ್ನೊಮ್ಮೆ ಹಾಡುವ ತ್ರಾಣವಿಲ್ಲ.

ಆಗ ಮೂಲೆಯಿಂದ ಆ ಒಡಕು ಸ್ವರ ಎದ್ದಿತು. ಅಷ್ಟು ಹೆಂಗಸರ ಮುಂದೆ, ಟವೆಲಿನ ಮೇಲೆ ಕೈಯಿಟ್ಟುಕೊಂಡೇ, ನನ್ನ ಗಂಡ ಆ ಸಾಲನ್ನು ಒಂದಕ್ಷರ ಬಿಡದೆ ಹಾಡಿದರು. ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು, ತೆಂಗಿನಹಾಲು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಆಮೇಲೆ ಹೆಂಗಸರೆಲ್ಲ ಅವರ ಹಿಂದೆ ಹಾಡಿದರು. ಇಷ್ಟು ರೋಸುಗಳಿಗೆ ಹಾಡಿದ್ದೇನೆ, ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಅವರು ಹಾಡಿ ಮುಗಿಸುವ ತನಕ ನಾನು ಹೊಟ್ಟೆ ತುಂಬ ಉಸಿರೆಳೆದುಕೊಂಡೆ. ಮುಂದಿನ ಸಾಲು ಎತ್ತಿದೆ.