ಒಂಟಿಕಿವಿ ಕರೆ

ಮೈಕೆನ್ ಹೆಡ್ವಾಲ್ ಟೆಲಿಫೋನಿನ ಕೆಲಸಕ್ಕೆ ಸೇರಿದಾಗ ದೇಶದ ಉತ್ತರದಲ್ಲಿರುವ ಓಸ್ಟರ್‌ಸುಂಡ್ ಊರಿನ ಸುತ್ತಿನ ಕೆಲವು ಹಳ್ಳಿಗಳ ಕರೆಗಳನ್ನು ಇನ್ನೂ ಕೈಯಲ್ಲೇ ಜೋಡಿಸುತ್ತಿದ್ದರು. ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ವೈರಿನ ತುದಿ. ಎರಡು ಚಳಿಗಾಲ ಕಳೆಯುವುದರೊಳಗೆ ಹಲಗೆ ಹೋಗಿ ತಾನಾಗಿ ಜೋಡಿಸುವ ಯಂತ್ರ ಬಂತು. ಆಮೇಲೆ ಆ ಯಂತ್ರವೂ ಹೋಗಿ ಕಂಪ್ಯೂಟರ್ ಬಂತು. ಹೊಸದು ಬಂದಾಗಲೆಲ್ಲ ಹಳಬರು ಕೆಲವರು ಬಿಟ್ಟುಹೋದರು. ಮೈಕೆನ್ ಮಾತ್ರ ಅದನ್ನೂ ಕಲಿತುಕೊಂಡು, ಕುರ್ಚಿ ಬದಲಿಸಿ ಕುಳಿತಳು. ಅರುವತ್ತು ದಾಟಿದ ಮೇಲೆ ಅವಳ ಕೆಲಸ ಕರೆ ಜೋಡಿಸುವುದಾಗಿರಲಿಲ್ಲ. ಕರೆಗಳು ನೆಟ್ಟಗೆ ನಡೆಯುತ್ತಿವೆಯೇ ಎಂದು ಒಂದು ಸಾಫ್ಟ್‌ವೇರ್ ನೋಡುತ್ತಿತ್ತು. ಆ ಸಾಫ್ಟ್‌ವೇರ್ ನೆಟ್ಟಗಿದೆಯೇ ಎಂದು ಮೈಕೆನ್ ನೋಡುತ್ತಿದ್ದಳು.

ಬೆಟ್ಟದಲ್ಲಿ, ಕಾಡಿನಲ್ಲಿ ನಿಂತ ಒಂದೊಂದು ಟವರೂ ಕಾಲು ಗಂಟೆಗೊಮ್ಮೆ ತನ್ನ ಲೆಕ್ಕ ಕಳಿಸುತ್ತದೆ. ಎಷ್ಟು ಕರೆ ಬಂತು, ಎಷ್ಟು ನಡುವೆ ಕಡಿಯಿತು, ಎಷ್ಟು ಜೋಡಣೆಯೇ ಆಗಲಿಲ್ಲ. ಸಾಫ್ಟ್‌ವೇರ್ ಅದನ್ನು ಓದಿ, ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು ತೋರಿಸುತ್ತದೆ. ಆದರೆ ಸಾಫ್ಟ್‌ವೇರಿಗೂ ಕಾಯಿಲೆ ಬರುತ್ತದಲ್ಲ. ಹಿಮಗಾಳಿಗೆ ಸಿಕ್ಕಿ ಒಂದು ಟವರಿನ ಲೆಕ್ಕ ಬರದೇ ಹೋದರೆ ಅದು ಮೊದಮೊದಲು ಆ ಜಾಗದಲ್ಲಿ ಸೊನ್ನೆ ಬರೆದುಬಿಡುತ್ತಿತ್ತು. ಸೊನ್ನೆ ತಪ್ಪು ಎಂದರೆ ಹಸಿರು! ಸತ್ತುಬಿದ್ದ ಟವರೇ ಎಲ್ಲಕ್ಕಿಂತ ಆರೋಗ್ಯವಾಗಿ ಕಾಣುತ್ತಿತ್ತು. ಮೈಕೆನ್ ಹಠ ಹಿಡಿದು, ಸೊನ್ನೆಯ ಬದಲು ಅಲ್ಲೊಂದು ಗೆರೆ ಬೀಳುವ ಹಾಗೆ ಮಾಡಿಸಿದ್ದಳು. ಬೆಳಿಗ್ಗೆ ಬಂದವಳು ಕೋಟು ಕಳಚುವ ಮೊದಲು ಆ ಗೆರೆಗಳನ್ನು ನೋಡುತ್ತಿದ್ದಳು. ಕೆಂಪು ಆಮೇಲೆ.

ಆ ವರ್ಷ ಬೇಸಿಗೆ ಮುಗಿಯುತ್ತ ಬಂದರೂ ಕೆಂಪಾಗಿಯೇ ಕುಳಿತದ್ದು ಮೂರ್ವಿಕೆನ್ ಎಂಬ ಬೆಟ್ಟದ ಹಳ್ಳಿಯ ಟವರು. ಕಂಪನಿಯವರು ಅಲ್ಲಿಗೆ ಹೋಗುತ್ತಿದ್ದ ತಾಮ್ರದ ತಂತಿಯನ್ನೂ ಕಂಬಗಳನ್ನೂ ಕಿತ್ತುಹಾಕಿ, ಮನೆಗೊಂದು ಪೆಟ್ಟಿಗೆ ಕೊಟ್ಟಿದ್ದರು. ಹಳೆಯ ಫೋನನ್ನು ಆ ಪೆಟ್ಟಿಗೆಗೆ ಸಿಕ್ಕಿಸಿದರೆ ಟವರಿನ ಸಿಗ್ನಲ್ಲಿನಿಂದಲೇ ಮಾತಾಡಬಹುದು. ಅಂದಿನಿಂದ ಅಲ್ಲಿ ‘ಒಂಟಿಕಿವಿ ಕರೆ’ ಏರತೊಡಗಿತು. ಒಬ್ಬರ ದನಿ ಹೋಗುತ್ತದೆ, ಇನ್ನೊಬ್ಬರ ದನಿ ಬರುವುದಿಲ್ಲ. ಅಂಥ ಕರೆಗೆ ಕೆಲಸದವರು ಇಟ್ಟ ಹೆಸರು ಅದು. ಜನ ಏನು ಮಾತಾಡುತ್ತಾರೆಂದು ಸಾಫ್ಟ್‌ವೇರ್ ಕೇಳುವುದಿಲ್ಲ, ಕೇಳಲು ಕಾನೂನೂ ಬಿಡುವುದಿಲ್ಲ. ಎರಡು ಕಡೆಯಿಂದಲೂ ದನಿ ಹರಿಯುತ್ತಿದೆಯೇ ಎಂದಷ್ಟೇ ನೋಡುತ್ತದೆ. ಒಂದು ಕಡೆ ಬಹಳ ಹೊತ್ತು ಬರಿದಾಗಿದ್ದರೆ ಆ ಕರೆ ಕೆಟ್ಟಿತು ಎಂದು ಗುರುತು ಹಾಕುತ್ತದೆ.

ಟವರು ಹತ್ತಿ ರಿಪೇರಿ ಮಾಡುವ ತೂರೆ ಎರಡು ಸಲ ಅಲ್ಲಿಗೆ ಹೋಗಿಬಂದ.

“ಆಂಟೆನಾ ಬದಲಾಯಿಸ್ದೆ, ಕೇಬಲ್ ಬದಲಾಯಿಸ್ದೆ. ಇನ್ನು ಬೆಟ್ಟ ಒಂದು ಬಾಕಿ. ಅದನ್ನೂ ಬದಲಾಯಿಸ್ಲಾ?” ಎನ್ನುತ್ತ ಒಳಗೆ ಬಂದ.

“ಮೊದ್ಲು ಬೂಟು ಬದಲಾಯಿಸು. ನೆಲ ಒರೆಸೋಳು ನಾನಲ್ಲ,” ಎಂದಳು ಮೈಕೆನ್.

“ನಿನ್ನ ಸಾಫ್ಟ್‌ವೇರಿಗೇ ಕಿವಿ ಕೆಟ್ಟಿರ್ಬೇಕು ಕಣೇ.”

ಮಧ್ಯಾಹ್ನ ಸ್ಟಾಕ್‌ಹೋಮಿನ ದೊಡ್ಡ ಆಫೀಸಿನಿಂದ ಪೊಂಟುಸ್ ಫೋನ್ ಮಾಡಿದ. ಸಾಫ್ಟ್‌ವೇರಿನ ಒಳಗನ್ನು ಬರೆಯುವವರಲ್ಲಿ ಅವನೂ ಒಬ್ಬ, ಮೂವತ್ತರ ಆಸುಪಾಸಿನವನು. ಸ್ಟಾಕ್‌ಹೋಮಿನ ಫೋನ್ ನಂಬರು ಸೊನ್ನೆ-ಎಂಟರಿಂದ ಶುರುವಾಗುವುದರಿಂದ ಉತ್ತರದವರು ಅಲ್ಲಿನವರಿಗೆ ಅದೇ ಹೆಸರಿಟ್ಟಿದ್ದಾರೆ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಏಕವಚನವೇ ನಡೆಯುವ ನಾಡಾದ್ದರಿಂದ ಇಬ್ಬರ ಮಾತೂ ಸಲೀಸು.

“ಏನಪ್ಪಾ ಸೊನ್ನೆ-ಎಂಟು?”

“ಒಳ್ಳೆ ಸುದ್ದಿ ಅಲ್ಲ ಮೈಕೆನ್. ಮೂರ್ವಿಕೆನ್ ಬೇಸಿಗೆಯಿಡೀ ಕೆಂಪು. ಬರೋ ವಾರ ಮೀಟಿಂಗಲ್ಲಿ ಆ ಟವರ್ ಮುಚ್ಚೋ ಮಾತು ಬರುತ್ತೆ. ಎದುರು ಬೆಟ್ಟದಲ್ಲಿ ಸ್ಕೀ ಆಡೋ ಜಾಗದ ಟವರಲ್ಲಿ ನಮ್ಮ ಆಂಟೆನಾ ಹಾಕ್ಬಹುದು ಅಂತಾರೆ.”

“ಅಲ್ಲಿಂದ ಸಿಗ್ನಲ್ ತಗ್ಗಿನ ಮನೆಗಳಿಗೆ ಇಳಿಯಲ್ಲ.”

“ನಾಲ್ಕೇ ಮನೆ ಅಂತೆ.”

“ಅದರಲ್ಲಿ ಒಂದು ನಮ್ಮಕ್ಕಂದು.”

ಅಕ್ಕ ಅಸ್ತಾಳಿಗೆ ಎಪ್ಪತ್ತು ದಾಟಿತ್ತು, ಹೃದಯ ಸರಿಯಿರಲಿಲ್ಲ. ಮುನಿಸಿಪಾಲಿಟಿಯವರು ಕೊರಳಿಗೆ ಒಂದು ಗುಂಡಿ ಕಟ್ಟಿಕೊಟ್ಟಿದ್ದರು. ಒತ್ತಿದರೆ ಪೆಟ್ಟಿಗೆಯ ಮೂಲಕ ಸಹಾಯದವರಿಗೆ ಕರೆ ಹೋಗುತ್ತದೆ. ಟವರು ಹೋದರೆ ಪೆಟ್ಟಿಗೆ ಹೋಯಿತು, ಪೆಟ್ಟಿಗೆ ಹೋದರೆ ಗುಂಡಿಯೂ ಬರೀ ಗುಂಡಿ.

ಭಾನುವಾರ ಮೈಕೆನ್ ಮೂರ್ವಿಕೆನ್‌ಗೆ ಹೋದಳು. ಅಸ್ತಾ ಆ ಕಡೆಯ ರೂಢಿಯಂತೆ ಕಾಫಿಯೊಳಗೆ ಚೀಸಿನ ತುಂಡು ಹಾಕಿಕೊಟ್ಟಳು.

“ಫೋನು ಮಧ್ಯೆ ಕಡಿದುಹೋಗುತ್ತಾ ಅಕ್ಕ?”

“ಯಾವತ್ತೂ ಇಲ್ಲ.”

“ದನಿ ಕೇಳಿಸದೆ ಹೋಗಿದ್ದು?”

“ನಂಗೆ ಎಲ್ಲಾ ಕೇಳಿಸುತ್ತೆ. ಆ ಸಹಾಯದ ಹುಡುಗಿಗೇ ಕಿವಿ ಮಂದ. ಅವತ್ತು ಕೈ ತಪ್ಪಿ ಗುಂಡಿ ಒತ್ತಿಬಿಟ್ಟೆ. ‘ಅಸ್ತಾ, ಹುಷಾರಾಗಿದ್ದೀಯಾ’ ಅಂದ್ಲು. ಹೌದು ಅಂದೆ. ಮತ್ತೆ ಕೇಳಿದ್ಲು. ಮತ್ತೆ ಹೌದು ಅಂದೆ. ಆಮೇಲೆ ನೋಡಿದ್ರೆ ಬಾಗಿಲಲ್ಲಿ ನರ್ಸು! ನಾನು ಮೀನು ಹುರೀತಾ ಇದ್ದೆ. ಪಾಪ, ಅಷ್ಟು ದೂರದಿಂದ ಬಂದವಳು ಅಂತ ಅವಳಿಗೂ ಬಡಿಸ್ದೆ.”

ಮೈಕೆನ್ ನಕ್ಕಳು. ಆದರೆ ಕಾರು ಹತ್ತುವಾಗ ಮನಸ್ಸು ಭಾರವಾಯಿತು. ಅಕ್ಕನ ದನಿ ಆ ಕಡೆಗೆ ಹೋಗಿಲ್ಲ ಎಂದಮೇಲೆ ಸಾಫ್ಟ್‌ವೇರ್ ಹೇಳುವುದು ಸರಿಯೇ ಇರಬೇಕಲ್ಲ?

ಸರಿಯೇ ಇದ್ದರೂ ಪೂರ್ತಿ ನೋಡದೆ ಬಿಡುವವಳಲ್ಲ ಅವಳು. ಸೋಮವಾರವೆಲ್ಲ ಮೂರ್ವಿಕೆನ್ ಕಳಿಸಿದ ಲೆಕ್ಕವನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಟವರಿನ ಗಡಿಯಾರವನ್ನೂ ತಮ್ಮ ಗಡಿಯಾರವನ್ನೂ ಹೋಲಿಸಿದಳು. ಗಡಿಯಾರ ಸರಿಯಿತ್ತು, ಎಣಿಕೆಯಲ್ಲಿ ಒಂದು ತಪ್ಪು ಸಿಕ್ಕಿತು. ಪೆಟ್ಟಿಗೆ ಸಿಗ್ನಲ್ ಕಳೆದುಕೊಂಡು ಮತ್ತೆ ಹಿಡಿದಾಗ ಸಾಫ್ಟ್‌ವೇರ್ ಅದೊಂದೇ ಕರೆಯನ್ನು ಎರಡು ಸಲ ಎಣಿಸುತ್ತಿತ್ತು. ಪೊಂಟುಸ್ ಅದನ್ನು ತಿದ್ದಿ ಕಳಿಸಿದ. ಮಂಗಳವಾರ ಸಾಫ್ಟ್‌ವೇರನ್ನು ನಿಲ್ಲಿಸಿ, ತಿದ್ದಿದ್ದನ್ನು ಹಾಕಿ, ಮತ್ತೆ ಓಡಿಸಿದರು. ಒಂಟಿಕಿವಿ ಕರೆ ಸ್ವಲ್ಪ ಇಳಿಯಿತು, ಅಷ್ಟೇ. ಬಣ್ಣ ಕೆಂಪೇ.

ಬುಧವಾರ ಅವಳು ಊಟದ ಡಬ್ಬಿ ಬಿಸಿ ಮಾಡಲು ಅಡುಗೆಕೋಣೆಯಲ್ಲಿ ನಿಂತಿದ್ದಾಗ ಪೊಂಟುಸ್ ಅವಳ ಮೊಬೈಲಿಗೆ ಫೋನ್ ಮಾಡಿದ.

“ಗಡಿಯಾರ ನೋಡಿದ್ಯಾ? … ಮೈಕೆನ್? ಹಲೋ?”

“ಇದ್ದೀನಿ.”

“ಎಣಿಕೆ ತಿದ್ದಿದ ಮೇಲೂ ಅಷ್ಟೇನಾ? … ಹಲೋ? ಹಲೋ? ಮತ್ತೆ ಹೋಯ್ತು!”

“ಎಲ್ಲಿಗೆ ಹೋಗ್ತೀನಿ, ಇಲ್ಲೇ ಇದ್ದೀನಿ ಮಾರಾಯ.”

“ಮತ್ತೆ ಉತ್ತರ ಯಾಕೆ ಕೊಡಲ್ಲ?”

“ಕೊಟ್ನಲ್ಲ. ಹೌದು ಅಂದ್ನಲ್ಲ.”

“ಏನಂದೆ? ಹೆಂಗಂದೆ? ಈಗ ಅನ್ನು.”

ಮೈಕೆನ್ ಅಂದಳು. ಆ ಕಡೆ ಏನೂ ಕೇಳಿಸಲಿಲ್ಲ.

ಪೊಂಟುಸ್ ನಿಧಾನವಾಗಿ ಕೇಳಿದ: “ನೀನು ಉಸಿರು ಎಳೀತೀಯಾ? ಆ ಉತ್ತರದವರು ಎಳೆಯೋ ಹಂಗೆ?”

ಮೈಕೆನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಆ ನಾಡಿನಲ್ಲಿ ಹೌದು ಎನ್ನಲು ಬಾಯಿ ತೆರೆಯಬೇಕಿಲ್ಲ. ತುಟಿ ಮುಂದೆ ಮಾಡಿ, ಬಿಸಿ ಕಾಫಿ ನಾಲಿಗೆಗೆ ತಗುಲಿದವರ ಹಾಗೆ ಸರ್ರನೆ ಒಂದು ಉಸಿರು ಒಳಗೆಳೆದುಕೊಂಡರೆ ಆಯಿತು, ಅದೇ ಹೌದು. ಹುಟ್ಟಿದಾಗಿನಿಂದ ಹಾಗೆಯೇ ಅನ್ನುತ್ತ ಬಂದವಳಿಗೆ ತಾನು ಹಾಗೆ ಅನ್ನುತ್ತೇನೆಂಬುದೇ ಮರೆತಿತ್ತು.

“ಅಯ್ಯೋ ನಮ್ಮ ಹಾಳು ಬಾಯಿ,” ಎಂದಳು.

“ಬಾಯಲ್ಲ, ಫೋನು,” ಎಂದ ಪೊಂಟುಸ್. “ಗಾಳಿ ಸದ್ದು ಬರಬಾರ್ದು ಅಂತ ಈಗಿನ ಫೋನೆಲ್ಲಾ ಜರಡಿ ಹಿಡಿಯುತ್ವೆ. ನಿನ್ನ ಹೌದನ್ನ ಗಾಳಿ ಅಂತ ಸೋಸಿಬಿಟ್ಟಿದೆ.”

ತಾಮ್ರದ ತಂತಿ ಉಸಿರನ್ನೂ ಒಯ್ಯುತ್ತಿತ್ತು, ಪೆಟ್ಟಿಗೆ ಒಯ್ಯುವುದಿಲ್ಲ. ಬೇರೆ ಊರುಗಳಲ್ಲಿ ಪ್ರವಾಸಿಗಳು, ಹರೆಯದವರು ಮಾತಾಡುವ ಕರೆಗಳ ನಡುವೆ ಇದು ಎದ್ದು ಕಾಣುತ್ತಿರಲಿಲ್ಲ. ಮೂರ್ವಿಕೆನ್‌ನಲ್ಲಿ ಇದ್ದವರೆಲ್ಲ ಮುದುಕರು. ಮಕ್ಕಳು ಫೋನ್ ಮಾಡಿ ಮಾತಾಡುತ್ತಾರೆ, ಇವರು ಕೇಳುತ್ತ ಉಸಿರೆಳೆಯುತ್ತಾರೆ. ಸಾಫ್ಟ್‌ವೇರಿನ ಕಣ್ಣಿಗೆ ಊರಿಗೆ ಊರೇ ಮೂಕವಾಗಿತ್ತು.

ಆದರೆ ಮೀಟಿಂಗಿಗೆ ನಗೆಯ ಕತೆ ಸಾಲದು, ಪುರಾವೆ ಬೇಕು. ಮೀಟಿಂಗಿನ ಹಿಂದಿನ ದಿನ ಮೈಕೆನ್ ರಜೆ ಹಾಕಿ ಅಕ್ಕನ ಮನೆಯಲ್ಲಿ ಕುಳಿತಳು. ಪೊಂಟುಸ್ ಸ್ಟಾಕ್‌ಹೋಮಿನಿಂದ ಅಸ್ತಾಳಿಗೆ ಫೋನ್ ಮಾಡಿ ಹವಾಮಾನ, ಮೀನು, ರಸ್ತೆ ಎಂದು ಬಾಯಿಗೆ ಬಂದದ್ದೆಲ್ಲ ಮಾತಾಡಿದ. ಅಸ್ತಾ ತನ್ನ ರೂಢಿಯಂತೆ ಉಸಿರೆಳೆಯುತ್ತ ಕುಳಿತಳು. ಆ ಕರೆಗೆ ಒಂಟಿಕಿವಿಯ ಗುರುತು ಬಿತ್ತು.

“ಈಗ ಅದೇ ಮಾತು ಮತ್ತೆ ಆಡ್ತಾನೆ,” ಎಂದಳು ಮೈಕೆನ್. “ಈ ಸಲ ದನಿ ತೆಗೆದು ಹೌದು ಅನ್ಬೇಕು.”

“ಜೋರಾಗಿ ಹೌದು ಅಂದ್ರೆ ಜಗಳಕ್ಕೆ ಹೋದ ಹಂಗಿರುತ್ತೆ ಕಣೇ. ಹುಡುಗ ಏನಂದುಕೊಂಡಾನು?”

“ಅವನು ಸೊನ್ನೆ-ಎಂಟು, ಏನೂ ಅಂದುಕೊಳ್ಳಲ್ಲ.”

ಅಸ್ತಾ ಮುಖ ಕೆಂಪಗೆ ಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ‘ಹೌದು, ಹೌದು’ ಎಂದಳು. ನಡುನಡುವೆ ಮರೆತು ಉಸಿರೆಳೆದಾಗ ಮೈಕೆನ್ ಮೊಣಕೈಯಿಂದ ತಿವಿದಳು. ಆ ಕರೆಗೆ ಯಾವ ಗುರುತೂ ಬೀಳಲಿಲ್ಲ. ಪಕ್ಕದ ಮನೆಯವರನ್ನೂ ಕರೆದು ಹಾಗೆಯೇ ಮಾಡಿಸಿದರು. ಅಲ್ಲೂ ಅಷ್ಟೇ ಆಯಿತು.

“ಇದನ್ನ ಸಾಫ್ಟ್‌ವೇರಿಗೆ ಹೆಂಗೆ ಹೇಳ್ಕೊಡೋದು?” ಎಂದು ಮೈಕೆನ್ ಫೋನಿನಲ್ಲಿ ಪೊಂಟುಸ್‌ನನ್ನು ಕೇಳಿದಳು.

“ನಿಜವಾಗಿ ದನಿ ಹೋಗದಿದ್ರೆ ಜನ ಫೋನ್ ಇಟ್ಟು ತಕ್ಷಣ ಮತ್ತೆ ಮಾಡ್ತಾರೆ. ಮತ್ತೆ ಮಾಡದೇ ಇದ್ರೆ ಅದು ತಪ್ಪಲ್ಲ ಅಂತ ಬರೀತೀನಿ.”

“ಹಂಗಂತ ಹಸಿರು ಮಾಡ್ಬೇಡ. ಹಳದಿ ಹಾಕು. ಒಂದು ದಿನ ನಿಜವಾಗ್ಲೂ ಕೆಟ್ಟಿರಬಹುದು.”

ಮೀಟಿಂಗಿನಲ್ಲಿ ಪೊಂಟುಸ್ ಆ ಕರೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಅಲ್ಲಿದ್ದವರಲ್ಲಿ ಉತ್ತರದವನೊಬ್ಬ ‘ನೀನು ಹೇಳೋದು ನಿಜ’ ಎಂಬಂತೆ ಉಸಿರೆಳೆದನಂತೆ, ಎಲ್ಲರೂ ಅವನ ಕಡೆ ತಿರುಗಿದರಂತೆ. ಟವರು ಮುಚ್ಚುವ ಮಾತನ್ನು ಕೈಬಿಟ್ಟರು.

“ಹಂಗಾದ್ರೆ ನಾನು ಬದಲಾಯಿಸಿದ ಆಂಟೆನಾ?” ಎಂದು ತೂರೆ ಗೊಣಗಿದ.

“ಹೊಸದಾಗಿದೆ. ಒಳ್ಳೇದೇ ಆಯ್ತಲ್ಲ,” ಎಂದಳು ಮೈಕೆನ್.

ಒಂದು ಕೆಲಸ ಉಳಿದಿತ್ತು. ಜರಡಿ ಪೆಟ್ಟಿಗೆಯೊಳಗೇ ಇತ್ತು, ಅದನ್ನು ತೆಗೆಯಲು ಬರುತ್ತಿರಲಿಲ್ಲ. ಮೈಕೆನ್ ಮುನಿಸಿಪಾಲಿಟಿಯ ಸಹಾಯದ ಹುಡುಗಿಗೆ ಫೋನ್ ಮಾಡಿ, “ನಮ್ಮ ಕಡೆ ಮುದುಕರನ್ನ ಹುಷಾರಾಗಿದ್ದೀಯಾ ಅಂತ ಕೇಳ್ಬೇಡ. ಏನು ಮಾಡ್ತಾ ಇದ್ದೀಯಾ ಅಂತ ಕೇಳು. ಆಗ ಬಾಯಿ ಬಿಡ್ತಾರೆ,” ಎಂದು ತಿಳಿಸಿದಳು.

ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು.

“ಟವರ್ ಉಳೀತು ಅಕ್ಕ. ಗುಂಡಿ ಕೊರಳಲ್ಲಿದೆ ತಾನೇ?”

ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಮೈಕೆನ್ ಹಲೋ ಎನ್ನಲಿಲ್ಲ, ಎರಡನೆಯ ಸಲ ಕೇಳಲೂ ಇಲ್ಲ.

“ಸರಿ ಹಂಗಾದ್ರೆ. ಭಾನುವಾರ ಬರ್ತೀನಿ, ಏನು ಮೀನು ತರ್ಲಿ ಹೇಳು,” ಎಂದು ಮುಂದಿನ ಮಾತಿಗೆ ಹೋದಳು.