ಏಳು ದ್ವೀಪಕ್ಕೆ ಮುಯ್ಯಾಳು

ಸಿಂಧಘಟ್ಟದ ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಹೇಮಶ್ರೀ ಸಮುದ್ರ ನೋಡಿದ್ದು ಒಂದೇ ಸಲ. ಧರ್ಮಸ್ಥಳಕ್ಕೆ ಹೊರಟಿದ್ದ ಟೂರಿನ ಬಸ್ಸು ಡ್ರೈವರನ ಮರ್ಜಿಯಿಂದ ಮಂಗಳೂರಿನ ತನಕ ಹೋದಾಗ, ಅದೂ ಕಿಟಕಿಯಿಂದ. ಆದರೂ ಮೂರು ವರ್ಷದಿಂದ ಆಕೆಯ ಹತ್ತಿರ ಒಂದು ಹಡಗು, ಎರಡು ಬಂದರು ಮತ್ತು ಮಾತು ಕಲಿತ ಒಂದು ತಿಮಿಂಗಿಲ ಇವೆ. ಎಲ್ಲವೂ ಇರುವುದು ಮೊಬೈಲಿನಲ್ಲಿ, ಒಂದು ಆನ್‌ಲೈನ್ ಆಟದೊಳಗೆ. ಯಾವುದೋ ಹೊರದೇಶದ ಕಂಪನಿ ಮಾಡಿದ ಆ ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಈ ಕಡೆ ಆಡುವವರು ಅದನ್ನು ‘ಏಳು ದ್ವೀಪ’ ಅಂತಲೇ ಕರೆಯುತ್ತಾರೆ.

ಆಟ ಆಡುವವರು ಊರಿಗೆ ಹತ್ತು ಜನ ಸಿಕ್ಕಾರು. ಹೇಮಶ್ರೀಯ ಹುಚ್ಚು ಅಷ್ಟಕ್ಕೇ ನಿಲ್ಲಲಿಲ್ಲ. ಆಟವನ್ನು ಮೆಚ್ಚಿದವರು ಅದರ ಮೇಲೆ ತಾವೇ ಚಿತ್ರ ಬರೆದು, ಕಥೆ ಕಟ್ಟಿ, ವಿಡಿಯೊ ಮಾಡಿ ಹಾಕುವ ರೂಢಿ ಎಲ್ಲ ದೇಶಗಳಲ್ಲೂ ಇದೆ. ಕೂಲಿ ಇಲ್ಲ, ಸಂಬಳ ಇಲ್ಲ, ಬರೀ ಆಸೆ. ಕನ್ನಡದವರೂ ಯಾಕೆ ಮಾಡಬಾರದು ಎಂದು ಹೇಮಶ್ರೀ ವಾಟ್ಸಾಪಿನಲ್ಲಿ ಗುಂಪು ಕಟ್ಟಿದಳು. ಅಕ್ಕಪಕ್ಕದ ತಾಲ್ಲೂಕುಗಳಿಂದ ಹನ್ನೊಂದು ಜನ ಸೇರಿದರು. ಚಿತ್ರದ ತಂಡ, ಕಥೆಯ ತಂಡ, ವಿಡಿಯೊ ತಂಡ ಅಂತ ಹಂಚಿದಳು. ಕಂಪನಿಯವರ ಅಭಿಮಾನಿ ತಂಡಗಳ ಪಟ್ಟಿಯಲ್ಲಿ ‘ಸಿಂಧಘಟ್ಟ ಬಂದರು’ ಎಂಬ ಹೆಸರು ಬಂತು, ಅದರ ಪಕ್ಕ ‘ಮುಖ್ಯಸ್ಥೆ: ಹೇಮಶ್ರೀ’ ಅಂತ, ಕೆಳಗೆ ಉಳಿದ ಹನ್ನೊಂದು ಹೆಸರು. ಲಗ್ನಪತ್ರಿಕೆ ಬಿಟ್ಟರೆ ಆಕೆಯ ಹೆಸರು ಅಚ್ಚಾಗಿ ಕಂಡದ್ದು ಅಲ್ಲೇ. ಆ ಪಟ್ಟಿಯನ್ನು ದಿನಕ್ಕೆರಡು ಸಲ ತೆರೆದು ನೋಡುತ್ತಿದ್ದಳು, ಬೆಳಗಿನ ಹಾಲು ಮುಗಿದ ಮೇಲೆ ಒಂದು ಸಲ, ಸಂಜೆ ಹಾಲು ಮುಗಿದ ಮೇಲೆ ಒಂದು ಸಲ.

ಅತ್ತೆ ಚಲುವಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ.

“ಏಮ, ಆ ಅನ್ನೊಂದು ಜನದಾಗೆ ಒಬ್ರನ್ನಾದ್ರೂ ಕಣ್ಣಾರೆ ಕಂಡಿದ್ದೀಯಾ?”

“ಇಲ್ಲ ಅತ್ತೆ. ಫೋನಲ್ಲಿ ದಿನಾ ಮಾತಾಡ್ತೀವಿ.”

“ಅಂಗಾರೆ ಅವ್ರು ಇಲ್ಲ ಅಂತ್ಲೇ ತಿಳ್ಕೊ. ಇರೋ ಜನ ಆಗಿದ್ರೆ ಒಂದ್ ದಿನನಾದ್ರೂ ಬಂದು ನಮ್ಮನೇಲಿ ಕಾಪಿ ಕುಡಿಯೋರು.”

ಗಂಡ ರವೀಂದ್ರ ಈ ಮಾತು ನಡೆಯುವಾಗಲೆಲ್ಲ ಟ್ರಾಕ್ಟರಿನ ಕೆಳಗೆ ಮಲಗಿ ಏನನ್ನೋ ಬಿಗಿ ಮಾಡುತ್ತಿರುತ್ತಿದ್ದ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆ ಟ್ರಾಕ್ಟರು ಅವನಿಗೆ ಮಾಡಿದಷ್ಟು ಉಪಕಾರ ಇನ್ಯಾರೂ ಮಾಡಿಲ್ಲ.

ಡಿಸೆಂಬರಿನಲ್ಲಿ ಕಂಪನಿಯಿಂದ ಪ್ರಕಟಣೆ ಬಂತು. ಪ್ರತಿ ತಂಡವೂ ಚಿತ್ರ, ಕಥೆ, ವಿಡಿಯೊ ಎಲ್ಲ ಸೇರಿ ಹನ್ನೆರಡು ಹೊಸ ಕೆಲಸ ಕಳಿಸಬೇಕು. ಗಡುವು ಎರಡು ವಾರ. ನಮ್ಮ ಗಡಿಯಾರದಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡೂವರೆ. ಹನ್ನೆರಡಕ್ಕೆ ಒಂದು ಕಡಿಮೆಯಾದರೂ ತಂಡದ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೇಮಶ್ರೀ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿ, ಕೊನೆಯ ಕಥೆಯನ್ನು ತಾನೇ ಬರೆಯುತ್ತೇನೆಂದು ಹಾಕಿದಳು. ಹನ್ನೊಂದು ಜನವೂ ‘ಆಯ್ತು ಅಕ್ಕ’ ಅಂದರು. ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬಂದವು.

ಎಂಟು ದಿನ ಕಳೆದವು. ಹೆಬ್ಬೆರಳು ಬಿಟ್ಟರೆ ಬೇರೇನೂ ಬರಲಿಲ್ಲ. ಬಿಂಡಿಗನವಿಲೆಯ ಕಿಶನ್ ತಿಮಿಂಗಿಲದ ಚಿತ್ರ ಬರೆಯಬೇಕಿತ್ತು. ಕುರಿಗಳಿಗೆ ಜಂತಿನ ಔಷಧಿ ಕುಡಿಸಬೇಕು, ಒಬ್ಬನೇ ಇದ್ದೀನಿ ಅಂದ. ಪಾಂಡವಪುರದ ರಾಹುಲ್ ವಿಡಿಯೊ ಮಾಡಬೇಕಿತ್ತು. ಅಪ್ಪನ ಆಲೆಮನೆಯಲ್ಲಿ ಬೆಲ್ಲದ ಒಲೆಗೆ ಸಿಪ್ಪೆ ನೂಕುವವನು ಬಂದಿಲ್ಲ ಅಂದ. ಶ್ರೀರಂಗಪಟ್ಟಣದ ಪ್ರಿಯಾಂಕ ಮತ್ತವಳ ಏಳು ಗೆಳತಿಯರು ಒಂದೇ ಕಾಲೇಜು, ಒಂದೇ ನೆಪ: ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕ ಬಾಕಿ. ಅಕ್ಕಿಹೆಬ್ಬಾಳಿನ ಸಂಘಮಿತ್ರಾ ಪದ್ಯ ಬರೆಯುವವಳು. ತಾತನ ಜೊತೆ ಹುರುಳಿ ಕೀಳಬೇಕು ಅಂದಳು. ಹೇಮಶ್ರೀ ಮೊದಲು ಬೇಡಿದಳು, ಆಮೇಲೆ ಬೈದಳು, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು.

ಸೊಗಡವರೆ ಬಿಡಿಸುತ್ತಿದ್ದ ಚಲುವಮ್ಮ ತಲೆ ಎತ್ತದೆ ಅಂದಳು: “ಆಳು ಕರೆಯೋ ರೀತಿ ಗೊತ್ತಿಲ್ಲ, ಅಳಕ್ಕೆ ಕುಂತವ್ಳೆ. ಸುಮ್ಕೆ ಬನ್ನಿ ಅಂದ್ರೆ ಯಾರವ್ವ ಬಂದಾರು? ಮುಯ್ಯಾಳು ಅಂದ್ರೆ ಮೊದ್ಲು ನಾವು ಓಗ್ಬೇಕು. ಅವರ ಒಲದಾಗೆ ಬೆನ್ನು ಬಗ್ಗಿಸ್ಬೇಕು. ಆಮೇಲೆ ಅವ್ರು ಬರ್ತಾರೆ, ಕರೆಯೋದೂ ಬ್ಯಾಡ.”

ಅದು ಕೊಂಕು ಮಾತು, ಬುದ್ಧಿಮಾತಲ್ಲ. ಮುಯ್ಯಾಳು ಎಂದರೆ ಕೂಲಿಯಿಲ್ಲದ ಕೆಲಸ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಮೊಬೈಲಿನ ಹಡಗಿಗೂ ಅದಕ್ಕೂ ಏನು ಸಂಬಂಧ? ಆದರೆ ಹೇಮಶ್ರೀ ಕಣ್ಣೊರೆಸಿಕೊಂಡು ಆ ಮಾತನ್ನು ಇದ್ದದ್ದು ಇದ್ದ ಹಾಗೆ ಹಿಡಿದಳು. ಮಾರನೆಯ ದಿನ ಬೆಳಗಿನ ಹಾಲು ಮುಗಿಸಿ, ರವೀಂದ್ರನ ಸ್ಕೂಟರ್ ಹತ್ತಿ ಬಿಂಡಿಗನವಿಲೆಗೆ ಹೊರಟೇಬಿಟ್ಟಳು.

ಕಿಶನ್ ಇಪ್ಪತ್ತರ ಹುಡುಗ. ಮೂರು ವರ್ಷದಿಂದ ಅಕ್ಕ ಅಕ್ಕ ಅನ್ನುತ್ತಿದ್ದ ದನಿಗೆ ಏಕಾಏಕಿ ಮುಖ, ಕೈಕಾಲು, ಹೆಲ್ಮೆಟ್ಟು ಬಂದದ್ದನ್ನು ಕಂಡು ದೊಡ್ಡಿಯ ಬಾಗಿಲಲ್ಲಿ ಬಾಯಿ ಬಿಟ್ಟು ನಿಂತ. ಹೇಮಶ್ರೀ ಸೀರೆ ಎತ್ತಿ ಕಟ್ಟಿ, ಅರವತ್ತು ಕುರಿಗಳನ್ನು ಒಂದೊಂದಾಗಿ ಮಂಡಿಯ ನಡುವೆ ಹಿಡಿದಳು. ಅವನು ಔಷಧಿ ಕುಡಿಸಿದ. ಅರ್ಧ ಔಷಧಿ ಕುರಿಯ ಹೊಟ್ಟೆಗೆ, ಅರ್ಧ ಇವಳ ಸೀರೆಗೆ. ಸಂಜೆಗೆ ಚಿತ್ರ ಬಂತು. ಕಿಶನನಿಗೆ ಹುಟ್ಟಿದಂದಿನಿಂದ ಪರಿಚಯವಿದ್ದ ಮುಖ ಒಂದೇ ಆದ್ದರಿಂದ ತಿಮಿಂಗಿಲಕ್ಕೂ ಕುರಿಯ ಮುಖವೇ ಇತ್ತು. ಆದರೂ ಚಿತ್ರ ಚಿತ್ರವೇ, ಒಂದಾಯಿತು.

ಮರುದಿನ ಆಲೆಮನೆ. ಒಲೆಗೆ ಕಬ್ಬಿನ ಒಣಸಿಪ್ಪೆ ನೂಕಿ ನೂಕಿ ಹೇಮಶ್ರೀಯ ಹುಬ್ಬಿನ ಕೂದಲು ಅರ್ಧ ಸುಟ್ಟುಹೋಯಿತು. ರಾಹುಲ್ ಮೂಲೆಯಲ್ಲಿ ಕೂತು ವಿಡಿಯೊ ಜೋಡಿಸಿದ. ಅದರ ಮರುದಿನ ಶ್ರೀರಂಗಪಟ್ಟಣ. ಎಂಟು ರೆಕಾರ್ಡ್ ಪುಸ್ತಕಗಳಲ್ಲಿ ಈರುಳ್ಳಿ ಸಿಪ್ಪೆಯ ಕೋಶಗಳನ್ನು ಎಂಟು ಸಲ ಬರೆದಳು. ಎಂಟನೆಯದು ಎಷ್ಟು ಚೆನ್ನಾಗಿ ಬಂತೆಂದರೆ ಮೇಷ್ಟ್ರಿಗೆ ಅನುಮಾನ ಬಂದೀತೆಂದು ಪ್ರಿಯಾಂಕ ಅದನ್ನು ಸ್ವಲ್ಪ ಕೆಡಿಸಿದಳು. ಎಂಟು ಕೆಲಸ ಒಟ್ಟಿಗೆ ಬಂದವು.

ಅಕ್ಕಿಹೆಬ್ಬಾಳಿಗೆ ಹೋದದ್ದು ಶುಕ್ರವಾರ. ಸಂಘಮಿತ್ರಾಳ ತಾತ ಕರಿಯಯ್ಯ ಹೊಲದಲ್ಲಿದ್ದ. ಸಿಂಧಘಟ್ಟದ ಗೌಡರ ಮನೆಯ ಸೊಸೆ ಬಂದು ಹುರುಳಿ ಕೀಳಲು ಬಗ್ಗಿದ್ದನ್ನು ಕಂಡು ಅವನು ಗಾಬರಿಯಾದ.

“ಯಾಕವ್ವ, ಏನಾಯ್ತು? ಏನಾರ ತಪ್ಪಾಯ್ತಾ?”

“ಏನಿಲ್ಲ ತಾತ. ಮುಯ್ಯಿಗೆ ಬಂದಿದ್ದೀನಿ.”

ಕರಿಯಯ್ಯ ಕೈಯಲ್ಲಿದ್ದ ಹುರುಳಿಯನ್ನು ಪಕ್ಕಕ್ಕಿಟ್ಟ. “ನಿಮ್ಮಂತೋರ ಒಲಕ್ಕೆ ನಾವು ಕೂಲಿಗೆ ಓಗಿದ್ದುಂಟು ಕಣವ್ವ. ಮುಯ್ಯಿ ಅಂತ ನಮ್ಮ ಒಲಕ್ಕೆ ಬಂದೋಳು ನೀನೇ ಮೊದಲು.”

ಹೇಮಶ್ರೀಗೆ ನಾಚಿಕೆಯಾಯಿತು, ಪದ್ಯಕ್ಕಾಗಿ ಬಂದವಳಲ್ಲವೇ ಅವಳು. ಸಂಜೆ ಹಾಲಿಗೆ ತಡವಾಗುತ್ತದೆಂದು ಅರ್ಧ ದಿನಕ್ಕೇ ಎದ್ದು ಬಂದಳು. ರಾತ್ರಿ ಊಟದ ಹೊತ್ತಿಗೆ ಪದ್ಯ ಬಂತು, ಹನ್ನೊಂದನೆಯದು.

ಉಳಿದದ್ದು ಹನ್ನೆರಡನೆಯದು, ಹೇಮಶ್ರೀಯದೇ ಕಥೆ. ಊರೂರು ಸುತ್ತಿ ಎಲ್ಲರ ಕೆಲಸ ಮಾಡಿದವಳು ತನ್ನದರಲ್ಲಿ ಒಂದು ಸಾಲೂ ಬರೆದಿರಲಿಲ್ಲ. ಭಾನುವಾರ ಬೆಳಿಗ್ಗೆ ಬರೆದರಾಯಿತು ಅಂದುಕೊಂಡಿದ್ದಳು. ಶನಿವಾರ ಸಂಜೆ ರವೀಂದ್ರ ಅಪರೂಪಕ್ಕೆ ಟ್ರಾಕ್ಟರಿನ ಕೆಳಗಿನಿಂದ ಎದ್ದು ಬಂದು ಬಾಯಿ ಬಿಟ್ಟ.

“ಸೋಮವಾರ ಮಳೆ ಅಂತ ಟಿವೀಲಿ ಏಳ್ತಾವ್ರೆ. ನಾಳೆ ರಾಗಿ ಕುಯ್ದು ಮೆದೆ ಆಕ್ಬೇಕು. ಆಳು ಸಿಕ್ತಿಲ್ಲ. ನಾವು ಮೂರೇ ಜನ.”

ಒಂದೂವರೆ ಎಕರೆ, ಕೊಯ್ಯಲು ಮೂರು ಕುಡ್ಲು. ಹೇಮಶ್ರೀ ಗುಂಪಿಗೆ ಬರೆದು ಹಾಕಿದಳು: ‘ನಾಳೆ ನಮ್ಮನೆ ರಾಗಿ ಕೊಯ್ಲು, ನನ್ನ ಕಥೆ ಆಗಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು ಹನ್ನೆರಡನೆಯದು ಬರೆದು ಕಳಿಸಿ, ನಿಮ್ಮ ಕೈ ಮುಗಿಯುತ್ತೇನೆ.’ ಸಾಲಾಗಿ ಹೆಬ್ಬೆರಳುಗಳು ಬಂದವು.

ಭಾನುವಾರ ಡೇರಿ ಮುಗಿಸಿ ಎಂಟೂವರೆಗೆ ಹೊಲದ ಬದುವಿನ ಮೇಲೆ ಬಂದು ನಿಂತವಳಿಗೆ ತಾನು ದಾರಿ ತಪ್ಪಿ ಬೇರೆಯವರ ಹೊಲಕ್ಕೆ ಬಂದೆನೇ ಅನ್ನಿಸಿತು. ರಾಗಿಯಲ್ಲಿ ಜನ ತುಂಬಿದ್ದರು. ಕಿಶನ್ ಇದ್ದ, ರಾಹುಲ್ ಇದ್ದ, ಚೂಡಿದಾರದ ಮೇಲೆ ಅಪ್ಪಂದಿರ ಹಳೇ ಶರಟು ತೊಟ್ಟ ಎಂಟು ಹುಡುಗಿಯರಿದ್ದರು. ಸಂಘಮಿತ್ರಾಳ ಮುಂದೆ ಕರಿಯಯ್ಯ ಸಾಲು ಹಿಡಿದು ಸರಸರನೆ ಕೊಯ್ದುಕೊಂಡು ಹೋಗುತ್ತಿದ್ದ. ಚಲುವಮ್ಮ ಸೊಂಟಕ್ಕೆ ಕೈಯಿಟ್ಟು ನಡುವೆ ನಿಂತಿದ್ದಳು.

“ಏಮ, ಯಾರ ಕಡೆಯೋರು ಅಂದ್ರೆ ಏಳು ದ್ವೀಪದೋರು ಅಂತವೆ. ಇವೇನಾ ಅವು?”

ಹೇಮಶ್ರೀ ಅತ್ತೆಯನ್ನು ದಾಟಿ ಗುಂಪಿನವರ ಹತ್ತಿರ ನುಗ್ಗಿದಳು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. “ಕಥೆ ಬರೆದ್ರಾ? ಯಾರು ಬರೆದ್ರಿ?”

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಕಿಶನ್ ಅಂದ: “ಅದು ಯಾರಾರ ಬರೀತಾರೆ ಅಂತ ನಾವೆಲ್ಲ ಇಲ್ಲಿಗ್ ಬಂದ್ಬುಟ್ವಿ ಅಕ್ಕ.”

“ನಾನು ಕೇಳಿದ್ದು ಬರೆಯೋಕೆ ಕಣ್ರೋ. ರಾಗಿ ಕೊಯ್ಯೋಕಲ್ಲ.”

“ಚಿತ್ರ ಬರೆದದ್ದು ಗುಂಪಿಗೆ,” ಅಂದಳು ಪ್ರಿಯಾಂಕ. “ನೀವು ನಮ್ಮನೆಗೆ ಬಂದಿದ್ದ ಮುಯ್ಯಿ ಅಂಗೇ ಉಳ್ಕೊಂಡಿತ್ತಲ್ಲ ಅಕ್ಕ.”

ಪಟ್ಟಿಯಿಂದ ಹೆಸರು ಹೋಗಲು ನಾಲ್ಕು ಗಂಟೆ ಉಳಿದಿದೆ, ಹೆಸರು ಉಳಿಸಬೇಕಾದ ತಂಡ ಪೂರ್ತಿ ಇಲ್ಲಿ ರಾಗಿಯಲ್ಲಿ ನಿಂತಿದೆ. ಹೇಮಶ್ರೀಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆಗ ಕರಿಯಯ್ಯ ನಡು ನೆಟ್ಟಗೆ ಮಾಡಿ, ಹೇಮಶ್ರೀಯ ಕುಡ್ಲಿಗೆ ಕೈ ಚಾಚಿದ.

“ಕೊಡವ್ವ ಇಲ್ಲಿ. ನಿನ್ನ ಸಾಲು ನಾನು ಕುಯ್ತೀನಿ. ನೀನು ಆ ಹೊಂಗೆ ಮರದಡೀಲಿ ಕುಂತು ಬರಿ.”

ಹೇಮಶ್ರೀ ಅತ್ತೆಯ ಕಡೆ ನೋಡಿದಳು. ಕೊಯ್ಲಿನ ದಿನ ಸೊಸೆ ಮರದ ಕೆಳಗೆ ಫೋನ್ ಹಿಡಿದು ಕೂರುವುದೆಂದರೆ ಚಲುವಮ್ಮನ ರಾಜ್ಯದಲ್ಲಿ ಸಣ್ಣ ಅಪರಾಧವಲ್ಲ. ಆದರೆ ಮುಯ್ಯಿಗೆ ಬಂದವರ ಮುಂದೆ ಮನೆಯ ಜಗಳ ತೆಗೆಯುವುದು ಅದಕ್ಕಿಂತ ದೊಡ್ಡದು. “ಓಗು, ಬಿರ್ರನೆ ಮುಗ್ಸು” ಅಂದಳು ಚಲುವಮ್ಮ.

ಅವಳು ಬರೆದಳು. ಕಡಲ ನಡುವಿನ ಒಂದು ದ್ವೀಪದಲ್ಲಿ ರಾಗಿ ಬೆಳೆದು, ಕೊಯ್ಯಲು ಆಳಿಲ್ಲದೆ, ಏಳೂ ದ್ವೀಪದವರು ಹಡಗಿನಲ್ಲಿ ಬರುವ ಕಥೆ. ಬರೆಯುವಾಗ ಕಿವಿಗೆ ಬೀಳುತ್ತಿದ್ದ ಅತ್ತೆಯ ಬೈಗುಳಗಳೂ ಹಾಗೆ ಹಾಗೇ ಕಥೆಯೊಳಗೆ ಇಳಿದವು. ರೆಕಾರ್ಡ್ ಪುಸ್ತಕದ ಹುಡುಗಿಯರು ತೆನೆಯನ್ನು ಬೇರುಸಹಿತ ಕೀಳುತ್ತಿದ್ದರು. ರಾಹುಲ್ ಎರಡು ಹಿಡಿ ಕೊಯ್ದು ಒಂದು ವಿಡಿಯೊ ತೆಗೆಯುತ್ತಿದ್ದ. “ಅಂಗಲ್ಲ ಕಣವ್ವ, ಇಂಗೆ” ಎಂದು ಚಲುವಮ್ಮ ಒಬ್ಬೊಬ್ಬರ ಕೈ ಹಿಡಿದು ಬಗ್ಗಿಸುತ್ತಿದ್ದಳು. ಕಥೆ ಮುಗಿದಾಗ ಹನ್ನೆರಡು ದಾಟಿತ್ತು. ನೆಟ್‌ವರ್ಕ್ ಸಿಗುವುದು ಮೂಲೆಯ ಬಂಡೆಯ ಮೇಲೆ ಮಾತ್ರ. ಹೇಮಶ್ರೀ ಅಲ್ಲಿಗೆ ಓಡಿ, ಕೈ ಎತ್ತಿ ಹಿಡಿದು ನಿಂತಳು. ಎಲ್ಲರೂ ಕುಡ್ಲು ನಿಲ್ಲಿಸಿ ಅವಳ ಕೈಯನ್ನೇ ನೋಡಿದರು. ಹನ್ನೆರಡು ಇಪ್ಪತ್ತಾರಕ್ಕೆ ಕಥೆ ಹೋಯಿತು. ಬಹುಮಾನ ಬರಲಿಲ್ಲ, ಅದರ ಆಸೆಯೂ ಇರಲಿಲ್ಲ. ಹೆಸರು ಪಟ್ಟಿಯಲ್ಲಿ ಉಳಿಯಿತು.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಎಲ್ಲರೂ ಹೊಂಗೆ ಮರದ ನೆರಳಲ್ಲಿ ಸಾಲಾಗಿ ಕೂತರು. ಕರಿಯಯ್ಯ ಅಭ್ಯಾಸಬಲದಿಂದ ದೂರದ ಇನ್ನೊಂದು ಮರದ ಕಡೆ ಹೆಜ್ಜೆ ಹಾಕಿದ. ಸೌಟು ಹಿಡಿದಿದ್ದ ಚಲುವಮ್ಮ ಒಂದು ಗಳಿಗೆ ತಡೆದಳು.

“ಮುಯ್ಯಿಗೆ ಬಂದೋರು ಅಲ್ಯಾಕ್ ಓಗ್ತೀರಿ? ಸಾಲಿಗೆ ಬನ್ನಿ.”

ಅವನು ಬಂದು ಕೂತ. ಹೇಮಶ್ರೀ ನೀರಿನ ಚೆಂಬನ್ನು ಅವನ ಕಡೆ ಸರಿಸಿದಳು.

ಸಂಜೆ ಮೆದೆ ಎದ್ದ ಮೇಲೆ, ಎಲ್ಲರೂ ಕಾಪಿ ಕುಡಿಯುವಾಗ, ಚಲುವಮ್ಮನ ಮುಖದಲ್ಲಿ ಚಿಂತೆ ಕಂಡಿತು. “ಏಮ, ಕರಿಯಯ್ಯನೋರ ಒಲಕ್ಕೆ ನೀನು ಓಗಿದ್ದು ಅರ್ಧ ದಿನ. ಅವ್ರು ಇಡೀ ದಿನ ಕುಯ್ದವ್ರೆ. ಗುರುವಾರ ಅವರ ಭತ್ತದ ಕೊಯ್ಲಂತೆ, ನಾನು ಓಗ್ತೀನಿ.” ಆಮೇಲೆ ಹುಡುಗಿಯರ ಕಡೆ ತಿರುಗಿದಳು. “ಈ ಐಕ್ಳಿಗೆ ಒಲ ಇಲ್ಲ, ಗದ್ದೆ ಇಲ್ಲ. ಇವ್ರಿಗೆ ಎಂಗೆ ತೀರ್ಸೋದು?”

“ಮುಂದಿನ ತಿಂಗಳು ಇನ್ನೂ ಹನ್ನೆರಡು ಕಳಿಸ್ಬೇಕು ಅಜ್ಜಿ,” ಅಂದಳು ಪ್ರಿಯಾಂಕ.

ಚಲುವಮ್ಮ ತನ್ನ ಕೊಂಕು ಮಾತೇ ತಿರುಗಿ ಬಂದು ತನ್ನ ಕೊರಳಿಗೆ ಬಿದ್ದದ್ದನ್ನು ಅರಿತಳು. ಆದರೆ ಮುಯ್ಯಿ ಮುಯ್ಯಿಯೇ. ಸೆರಗಿಗೆ ಕೈ ಒರೆಸಿಕೊಂಡು ಫೋನಿಗೆ ಕೈ ಚಾಚಿದಳು. “ಕೊಡಿಲ್ಲಿ. ಆ ತಿಮಿಂಗಿಲ ಎಂಗಿರ್ತದೆ ತೋರ್ಸು. ರಂಗೋಲೀಲಿ ಬಿಡ್ತೀನಿ. ಕುರಿ ಮೂತಿ ಮಾತ್ರ ಇಡಾಕಿಲ್ಲ.”

ಪಟ್ಟಿಯಲ್ಲಿ ಈಗ ‘ಸಿಂಧಘಟ್ಟ ಬಂದರು’ ತಂಡಕ್ಕೆ ಹದಿಮೂರು ಹೆಸರು. ಹೇಮಶ್ರೀ ಅದನ್ನು ಇವತ್ತಿಗೂ ದಿನಕ್ಕೆರಡು ಸಲ ತೆರೆಯುತ್ತಾಳೆ, ಬೆಳಗಿನ ಹಾಲಾದ ಮೇಲೆ ಒಂದು ಸಲ, ಸಂಜೆ ಹಾಲಾದ ಮೇಲೆ ಒಂದು ಸಲ. ಎರಡು ಸಲವೂ ಚಲುವಮ್ಮ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. “ನಂದೆಲ್ಲೈತೆ, ತೋರ್ಸು.”